ಪಿನ್ನು ಒಂದೇ, ವೈರು ಬೇರೆ

ಮದುವೆ, ಜಾತ್ರೆಗಳ ಹಂಗಾಮು ಬಂತೆಂದರೆ ತುಮಕೂರಿನ ನನ್ನ ರಿಪೇರಿ ಮೇಜಿಗೆ ಇದೇ ಪ್ರಶ್ನೆಗಳು: ಡಿಜಿಟಲ್ ಆಡಿಯೊ ಕೇಬಲ್ಲಿಗೆ ಯಾವ ಪಿನ್ನು? ಬೆಸುಗೆ ಹಾಕುವುದನ್ನು ಇಲ್ಲಿ ಕಲಿಸುವುದಿಲ್ಲ. ಬಾರದವರು ಹಳೆಯ ಮೈಕ್ ವೈರಿನ ಮೇಲೆ ಕೈ ಪಳಗಿಸಿಕೊಂಡು ಬನ್ನಿ.

ಪ್ರಶ್ನೆ: ಕಲ್ಯಾಣ ಮಂಟಪದಲ್ಲಿ ಡಿಜಿಟಲ್ ಮಿಕ್ಸರಿನಿಂದ 30 ಮೀಟರ್ ದೂರದ ಸ್ಪೀಕರ್ ಪ್ರೊಸೆಸರಿಗೆ ಒಳ್ಳೆಯ ಮೈಕ್ ವೈರಿನಲ್ಲೇ ಎಇಎಸ್ ಲೈನ್ (ಡಿಜಿಟಲ್ ಆಡಿಯೊ ಸಾಗಿಸುವ ಲೈನು) ಎಳೆದಿದ್ದೇವೆ. ಆಗಾಗ ಟಕ್ ಎಂದು ಸದ್ದು ಕಡಿಯುತ್ತದೆ. ಚಿನ್ನದ ಲೇಪನದ ಪಿನ್ನು ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ಹಾಕಿಸೋಣವೇ? (ತಿಪಟೂರು)

ಉತ್ತರ: ಬೇಡ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಅಷ್ಟೇ ಅದರ ಹೆಚ್ಚುಗಾರಿಕೆ. ಅಂಗಡಿಯಲ್ಲಿ ಕ್ಯಾನನ್ ಎನ್ನುವ ಎಕ್ಸ್‌ಎಲ್‌ಆರ್ ಪಿನ್ನು ಮೈಕಿಗೂ ಎಇಎಸ್‌ಗೂ ಒಂದೇ ಆಗಿರುವುದರಿಂದ ವೈರೂ ಒಂದೇ ಎಂದು ನಂಬಿಬಿಟ್ಟಿದ್ದೀರಿ. ಎಇಎಸ್‌ಗೆ ಬೇಕಾದದ್ದು 110 ಓಮ್ ಇಂಪಿಡೆನ್ಸಿನ ವೈರು; ಇಂಪಿಡೆನ್ಸ್ ಎಂದರೆ ವೇಗವಾಗಿ ಏರಿಳಿಯುವ ಸಿಗ್ನಲ್ಲಿಗೆ ವೈರು ಒಡ್ಡುವ ತಡೆ. ಮೈಕ್ ವೈರಿನದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಮೀಟರ್ ಹಿಡಿದು ನೋಡಿದೆವು, 110 ತೋರಿಸಲಿಲ್ಲ ಎಂದು ದಯವಿಟ್ಟು ಬರೆಯಬೇಡಿ. ಇದು ಮೀಟರಿಗೆ ಸಿಗುವ ಓಮ್ ಅಲ್ಲ. ಎಇಎಸ್ ವೈರಿನ ಹೊದಿಕೆಯ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುತ್ತದೆ, ಓದಿ.

48 ಕಿಲೋಹರ್ಟ್ಸ್‌ನಲ್ಲಿ ಈ ಲೈನಿನಲ್ಲಿ ಸೆಕೆಂಡಿಗೆ 30 ಲಕ್ಷಕ್ಕೂ ಹೆಚ್ಚು ಬಿಟ್‌ಗಳು ಓಡುತ್ತವೆ. ಇಂಪಿಡೆನ್ಸ್ ಬದಲಾಗುವ ಕಡೆ, ಕಾಲುವೆಯ ನೀರು ತೂಬಿಗೆ ಬಡಿದು ಹಿಂದಕ್ಕೆ ಅಲೆ ಎಬ್ಬಿಸುವಂತೆ, ಸಿಗ್ನಲ್ಲಿನ ಒಂದು ಪಾಲು ವಾಪಸಾಗುತ್ತದೆ. ಮೂರು ಮೀಟರಿನಲ್ಲಿ ಅದರ ಗೊಡವೆಯಿಲ್ಲ. 30 ಮೀಟರಿನಲ್ಲಿ ಅಲೆಗಳು ಕಲಸಿಹೋಗಿ ಪ್ರೊಸೆಸರಿಗೆ ಒಂದು ಯಾವುದು, ಸೊನ್ನೆ ಯಾವುದು ಆಗಾಗ ತಿಳಿಯುವುದಿಲ್ಲ. ಅದೇ ನಿಮ್ಮ ‘ಟಕ್’. ಡಿಜಿಟಲ್ ಲೈನು ಕೆಟ್ಟಾಗ ಸದ್ದು ಮಂಕಾಗುವುದಿಲ್ಲ, ಕಡಿಯುತ್ತದೆ. ಚಿನ್ನದ ಪಿನ್ನಿನಿಂದ ‘ಬೇಸ್ ತುಂಬಿಬಂತು’ ಎನ್ನುವವನಿಗೆ ಕಿವಿಯೂ ಇಲ್ಲ, ಕಾಸು ಕಳೆದುಕೊಂಡ ಸಂಕಟವೂ ಇಲ್ಲ.

110 ಓಮಿನ ವೈರು ತನ್ನಿ, ಇರುವ ಪಿನ್ನುಗಳನ್ನೇ ಬಿಚ್ಚಿ ಅದಕ್ಕೆ ಬೆಸೆಯಿರಿ. ವೈರು ಗೋಡೆಯೊಳಗೇ ಉಳಿಯುವುದಾದರೆ ಶೀಲ್ಡ್ ಇರುವ ಕ್ಯಾಟ್5ಇ ನೆಟ್‌ವರ್ಕ್ ಕೇಬಲ್ಲಿನ ಒಂದು ಜೋಡಿಯೂ ಸಾಕು; ಅದು 100 ಓಮ್. ದಿನವೂ ಸುತ್ತಿ ಬಿಚ್ಚುವುದಾದರೆ ಬೇಡ, ಒಂಟಿ ಎಳೆಯ ತಾಮ್ರ ಬೆಸುಗೆಯ ಬುಡದಲ್ಲೇ ಮುರಿಯುತ್ತದೆ. ನನ್ನ ಕೈಯಲ್ಲೇ ಮುರಿದಿದೆ, ತಾಳಿ ಕಟ್ಟುವ ಹೊತ್ತಿನಲ್ಲಿ. ಪಿನ್ನು ಬಿಚ್ಚಿ ನೋಡಿದರೆ ಎರಡನೆಯ ಕಾಲಿನಲ್ಲಿ ಸಾಸಿವೆ ಗಾತ್ರದ ಸೀಸ ಹೊಳೆಯುತ್ತಿತ್ತು, ತಂತಿ ಪಕ್ಕದಲ್ಲಿ ಮಲಗಿತ್ತು. ಅಂದಿನಿಂದ ಡಿಜಿಟಲ್ ಲೈನಿನ ಪಕ್ಕದಲ್ಲಿ ಒಂದು ಅನಲಾಗ್ ಲೈನನ್ನೂ ಎಳೆದಿಡುತ್ತೇನೆ. ಹೆದರಿಕೆ ಎನ್ನುವವರು ಎನ್ನಲಿ.

ಇನ್ನೊಂದು: ವೈ ಕೇಬಲ್ ಹಾಕಿ ಒಂದೇ ಲೈನನ್ನು ಎರಡು ಪ್ರೊಸೆಸರಿಗೆ ಹಂಚಿದ್ದರೆ ಮೊದಲು ಅದನ್ನು ಕಿತ್ತೆಸೆಯಿರಿ; ಆ ಕವಲಿನಲ್ಲೂ ಇಂಪಿಡೆನ್ಸ್ ಬದಲಾಗುತ್ತದೆ.

ಪ್ರಶ್ನೆ: ಡಿಜಿಟಲ್ ಆಡಿಯೊದ ಕೋಆಕ್ಸಿಯಲ್ ಲೈನಿಗೆ (ನಡುವೆ ಒಂದು ತಂತಿ, ಸುತ್ತ ಜಾಲರಿ ಇರುವ ವೈರು) ಸಿಸಿಟಿವಿ ಅಂಗಡಿಯ ಬಿಎನ್‌ಸಿ ಪಿನ್ನು (ತಿರುಗಿಸಿ ಕೂರಿಸುವಂಥದ್ದು) ನಡೆಯುತ್ತದೆಯೇ? (ಮಾಲೂರು)

ಉತ್ತರ: ನಡೆಯುತ್ತದೆ, ಈ ಲೈನಿಗೆ ಬೇಕಾದದ್ದು 110 ಅಲ್ಲ, 75 ಓಮ್; ಸಿಸಿಟಿವಿಯದೂ 75 ಓಮ್. ಸ್ಕ್ರೂ ಬಿಗಿಯುವಂಥದ್ದು ಬೇಡ, ಕ್ರಿಂಪ್ ಮಾಡಿಸಿ (ಇಕ್ಕಳದಲ್ಲಿ ಒತ್ತಿ ಬಿಗಿಸಿ). 50 ಓಮಿನದೂ ಅದೇ ಸಾಕೆಟ್ಟಿನಲ್ಲಿ ಸಲೀಸಾಗಿ ಕೂರುತ್ತದೆ, ಅದೇ ಮೋಸ.

ಪ್ರಶ್ನೆ: ಟಿವಿಯಿಂದ ಆಂಪ್ಲಿಫೈಯರಿಗೆ ಒಂದು ಮೀಟರ್ ಕೋಆಕ್ಸಿಯಲ್ ಕೇಬಲ್ಲಿಗೆ ನಾಲ್ಕು ಸಾವಿರ ಕೇಳುತ್ತಾರೆ. (ಚಿಂತಾಮಣಿ)

ಉತ್ತರ: ಹಳೆಯ ಡಿವಿಡಿ ಪ್ಲೇಯರಿನ ಹಳದಿ ಪಿನ್ನಿನ ವೈರು ಹಾಕಿ, ಅದೂ 75 ಓಮಿನದೇ.

ಪ್ರಶ್ನೆ: ಹೊಸ ಆಪ್ಟಿಕಲ್ ಕೇಬಲ್, ಸದ್ದೇ ಇಲ್ಲ. (ಕೋಲಾರ)

ಉತ್ತರ: ಎರಡೂ ತುದಿಯ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆದಿರಾ? ತೆಗೆದಿದ್ದರೆ ಮತ್ತೆ ಬರೆಯಿರಿ.