ತೇಡೆ ಮೀನಿನ ಜಾತಿ ಗುರುತಿಸಲು ಮೀಸೆ ಎಣಿಸಿದರೆ ಸಾಕಾ?

ಮಲ್ಪೆ ಬಂದರಿನಲ್ಲಿ ಮೀಸೆಯಿರುವ ಕಡಲ ಮೀನು (ಕ್ಯಾಟ್‌ಫಿಶ್) ಎಲ್ಲವನ್ನೂ ತೇಡೆ ಅಂತಲೇ ಮಾರುತ್ತಾರೆ, ಆದರೆ ಒಂದೊಂದು ಒಂದೊಂದು ಥರ ಕಾಣುತ್ತದೆ, ಮೀಸೆ ಎಣಿಸಿ ಜಾತಿ ಹೇಳಬಹುದಾ ಅಂತ ಕೇಳಿದ್ದೀರಿ. ಎರಡು ಜಾತಿಗಳ ಮಟ್ಟಿಗೆ ಹೇಳಬಹುದು. ಉಳಿದವಕ್ಕೆ ಬಾಯಿ ತೆರೆದು ನೋಡಲೇಬೇಕು. ಮೀನುಗಾರಿಕೆ ಓದುವಾಗ ಬಂದರಿನಲ್ಲಿ ಕೂತು ಇದೇ ಕೆಲಸ ಮಾಡಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ.

ಮೊದಲು ಮೀಸೆ. ನಮ್ಮ ಕಡಲಿನ ಹೆಚ್ಚಿನ ತೇಡೆಗಳಿಗೆ ಮೂರು ಜೊತೆ ಮೀಸೆ. ಮೇಲ್ದವಡೆಯಲ್ಲಿ ಒಂದು ಜೊತೆ, ಗಲ್ಲದ ಕೆಳಗೆ ಎರಡು. ನಾಲ್ಕು ಜೊತೆ ಇದ್ದು ಬಾಲ ಹಾವುಮೀನಿನ ಥರ ಚೂಪಾಗಿದ್ದರೆ ಅದು ಪ್ಲೋಟೋಸಸ್, ಆ ಕುಟುಂಬವೇ ಬೇರೆ. ಒಂದೇ ಜೊತೆ ಇದ್ದು, ಅದೂ ಮುಟ್ಟಿದರೆ ಬಾಗದಷ್ಟು ಗಟ್ಟಿಯಾಗಿದ್ದರೆ ಆಸ್ಟಿಯೋಜೀನಿಯೋಸಸ್ ಮಿಲಿಟಾರಿಸ್. ಇದನ್ನು ಮಾತ್ರ ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಮೀಸೆ ಇಲ್ಲವೇ ಇಲ್ಲ ಅನ್ನಿಸುವಷ್ಟು ಚಿಕ್ಕದಾಗಿದ್ದು, ಮೂತಿ ಮೊಂಡಾಗಿ, ಕೆಳದವಡೆ ಮುಂದೆ ಚಾಚಿದ್ದರೆ ಬಟ್ರಾಕೊಸೆಫಾಲಸ್ ಮಿನೋ. ಮೀಸೆಯಿಂದ ಸಿಗುವ ಲಾಭ ಇಷ್ಟೇ.

ಇನ್ನು ಅಂಗುಳ. ಬಾಯಿ ಅಗಲಿಸಿ ಮೇಲ್ಭಾಗವನ್ನು ಟಾರ್ಚ್ ಬೆಳಕಲ್ಲಿ ನೋಡಿ. ದವಡೆಯ ಅಂಚಿನ ಹಲ್ಲುಗಳನ್ನು ಬಿಡಿ, ಅವುಗಳ ಹಿಂದೆ ಎರಡೂ ಬದಿಯಲ್ಲಿ ಹಲ್ಲಿನ ಮಚ್ಚೆಗಳಿರುತ್ತವೆ, ಅಂದರೆ ಸಣ್ಣ ಹಲ್ಲುಗಳು ಗುಂಪಾಗಿ ಕೂತ ಜಾಗಗಳು. ಅವು ಎಷ್ಟು, ಯಾವ ಆಕಾರ, ಎಲ್ಲಿವೆ, ಹಲ್ಲು ಚೂಪೋ ಮೊಂಡೋ, ಈ ನಾಲ್ಕನ್ನು ಗಮನಿಸಬೇಕು. ದೊಡ್ಡದಾಗಿ ಬೆಳೆಯುವ ನೆಟೂಮಾ ಥಲಾಸಿನಾದಲ್ಲಿ ಸಣ್ಣ ಚೂಪು ಹಲ್ಲುಗಳ ಮಚ್ಚೆಗಳು ಸೇರಿ ಪ್ರತಿ ಬದಿಯಲ್ಲೂ ಒಂದು ತ್ರಿಕೋನ ಮಾಡುತ್ತವೆ. ಏರಿಯಸ್ ಮ್ಯಾಕ್ಯುಲೇಟಸ್‌ನಲ್ಲಿ ಪ್ರತಿ ಬದಿಗೆ ಒಂದೇ ಉದ್ದನೆಯ ಮಚ್ಚೆ, ಬೆರಳಾಡಿಸಿದರೆ ನುಚ್ಚಕ್ಕಿ ಅಂಟಿಸಿದ ಹಾಗೆ ತಾಗುತ್ತದೆ. ಪ್ಲೈಕೊಫಾಲಿಸ್ ಡುಸುಮಿಯರಿಯಲ್ಲೂ ಮೊಂಡು ಹಲ್ಲೇ, ಆದರೆ ಮಚ್ಚೆಗಳು ಅಂಗುಳದ ಸಾಕಷ್ಟು ಹಿಂದೆ, ಒಂದರಿಂದೊಂದು ದೂರ ಇರುತ್ತವೆ.

ಡುಸುಮಿಯರಿಯನ್ನು ಅದರ ಹತ್ತಿರದ ಸಂಬಂಧಿ ಟೆನ್ಯುಸ್ಪಿನಿಸ್‌ನಿಂದ ಬೇರೆ ಮಾಡಲು ಒಂದೇ ಗುರುತು ಸಾಲದು. ತಲೆಯ ಮೇಲಿನ ನಡು ಗೀರು, ಅದರ ಹಿಂದೆ ಬೆನ್ನಿನ ಮುಳ್ಳಿನ ಕಡೆಗೆ ಚಾಚುವ ಮೂಳೆಯ ಆಕಾರ, ಕಿವಿರಿನ ಹಲ್ಲುಗಳ (ಕಿವಿರಿನ ಕಮಾನಿನ ಮೇಲೆ ಸಾಲಾಗಿರುವ ಚಿಕ್ಕ ಕಡ್ಡಿಗಳ) ಲೆಕ್ಕ, ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಕಿವಿರಿನಲ್ಲಿ ಇನ್ನೊಂದು ಸಂಗತಿ ಇದೆ. ಕೆಲವು ಜಾತಿಗಳಲ್ಲಿ ಮೊದಲ ಎರಡು ಕಮಾನುಗಳ ಹಿಂಬದಿ ಬೋಳಾಗಿರುತ್ತದೆ, ಕೆಲವದರಲ್ಲಿ ಅಲ್ಲೂ ಹಲ್ಲುಗಳಿರುತ್ತವೆ. ಬರೀ ಮುಂಬದಿ ನೋಡಿ ಸುಮ್ನೆ ಮುಚ್ಚಿಬಿಟ್ಟರೆ ಒಳ್ಳೆ ಗುರುತೊಂದು ಕೈತಪ್ಪುತ್ತದೆ.

ಬಣ್ಣವನ್ನು ನಾನಂತೂ ಜಾಸ್ತಿ ನಂಬುವುದಿಲ್ಲ. ಬಾಲದ ಹತ್ತಿರ ಬೆನ್ನ ಮೇಲಿರುವ ಚಿಕ್ಕ ಮೆತ್ತನೆಯ ರೆಕ್ಕೆಯಲ್ಲಿ ಕಪ್ಪು ಕಲೆ ಇದ್ದರೆ ಮ್ಯಾಕ್ಯುಲೇಟಸ್ ಅಂದುಬಿಡುತ್ತಾರೆ, ಆದರೆ ಏರಿಯಸ್ ಏರಿಯಸ್‌ಗೂ ಅಲ್ಲಿ ಕಪ್ಪು ಇರುತ್ತದೆ, ಅಲ್ವಾ? ಐಸ್‌ನಲ್ಲಿ ಒಂದು ದಿನ ಇಟ್ಟ ಮೀನಿನ ಬಣ್ಣದ ಬಗ್ಗೆ ಮಾತಾಡುವುದೇ ಬೇಡ.

ಗಂಡು ಹೆಣ್ಣಿನ ವ್ಯತ್ಯಾಸವನ್ನು ಜಾತಿಯ ವ್ಯತ್ಯಾಸ ಅಂದುಕೊಳ್ಳುವವರೂ ಇದ್ದಾರೆ. ಬೆದೆಗೆ ಬಂದ ಹೆಣ್ಣಿನ ಹೊಟ್ಟೆಯ ರೆಕ್ಕೆಗಳು ದೊಡ್ಡದಾಗಿ ದಪ್ಪಗಾಗುತ್ತವೆ. ಗಂಡು ತೇಡೆ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಒಂದೊಂದು ಮೊಟ್ಟೆಯೂ ಒಂದು ಸೆಂಟಿಮೀಟರ್ ದಾಟುತ್ತದೆ, ಆಗ ಗಂಡಿನ ಗಂಟಲ ಕೆಳಗೆಲ್ಲ ಉಬ್ಬಿ ತಲೆ ಬೇರೆಯೇ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಮೀನಿನ ಗುಂಪನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದ ಮೇಲೆ ಇಂಥ ಗಂಡುಗಳ ಗುಂಪುಗಳೇ ಬಲೆಗೆ ಬಿದ್ದು, ಮೀನಿನ ಜೊತೆ ಮೊಟ್ಟೆಗಳೂ ರಾಶಿ ರಾಶಿಯಾಗಿ ಹಾಳಾದವು. 1980ರ ದಶಕದ ನಂತರ ತೇಡೆ ಇಳಿದು ಹೋಗಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ.

ತಲೆ ಬೇಯಿಸಿ ಮೂಳೆ ಬಿಡಿಸುವ ತಾಳ್ಮೆ ಇದ್ದರೆ ಕಿವಿಕಲ್ಲುಗಳನ್ನೂ (ಒಳಕಿವಿಯಲ್ಲಿರುವ ಸಣ್ಣ ಕಲ್ಲುಗಳು) ತೆಗೆಯಿರಿ. ಹೆಚ್ಚಿನ ಮೀನುಗಳಲ್ಲಿ ಸ್ಯಾಜಿಟ್ಟಾ ಎಂಬ ಕಲ್ಲು ದೊಡ್ಡದು. ತೇಡೆಗಳ ಕುಟುಂಬದಲ್ಲಿ ಲ್ಯಾಪಿಲಸ್ ಎಂಬ ಕಲ್ಲು ದೊಡ್ಡದು, ಅದರ ಆಕಾರವೂ ಜಾತಿ ಗುರುತಿಸಲು ನೆರವಾಗುತ್ತದೆ.

ಹಳೆಯ ಪುಸ್ತಕ ತೆರೆದರೆ ಇವುಗಳಲ್ಲಿ ಹೆಚ್ಚಿನವು ಟಾಕಿಸೂರಸ್ ಅಂತ ಇರುತ್ತವೆ, ಗಾಬರಿಯಾಗಬೇಡಿ. ಆ ಹೆಸರು ಈಗ ಪೂರ್ವ ಏಷ್ಯಾದ ಸಿಹಿನೀರಿನ ಬೇರೊಂದು ಗುಂಪಿಗೆ ಹೋಗಿದೆ. ಟಾಕಿಸೂರಸ್ ಥಲಾಸಿನಸ್ ಅಂದರೆ ಈಗಿನ ನೆಟೂಮಾ ಥಲಾಸಿನಾ.

ಬೆನ್ನಿನ ಮತ್ತು ಎದೆಯ ರೆಕ್ಕೆಯ ಮುಳ್ಳುಗಳಿಗೆ ಗರಗಸದಂಥ ಹಲ್ಲಿದೆ, ವಿಷವೂ ಇದೆ. ಬೆಸ್ತರು ಹಿಡಿದ ಕೂಡಲೇ ಮುರಿದು ಹಾಕುತ್ತಾರೆ. ನೀವೂ ಮೊದಲು ಅದನ್ನು ನೋಡಿಕೊಂಡೇ ಬಾಯಿಗೆ ಕೈ ಹಾಕಿ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿ ನೀರಲ್ಲಿ ಕೈ ಇಡಿ, ತುಂಡು ಒಳಗೇ ಉಳಿದರೆ ಆಸ್ಪತ್ರೆಗೆ ಹೋಗಿ.

ಫೋಟೋ ಹಾಕಿದರೆ ನಾನೂ ನೋಡಿ ಹೇಳುತ್ತೇನೆ. ಇಡೀ ಮೀನಿನದು ಬಂದರೆ ಒಳ್ಳೆಯದು, ಆದರೆ ಅಂಗುಳದ್ದು, ತಲೆಯ ಮೇಲ್ಭಾಗದ್ದು, ಗಲ್ಲದ ಕೆಳಗಿನದು ಬೇಕೇ ಬೇಕು. ಅಂಗಡಿಯಲ್ಲಿ ತಲೆ ಕತ್ತರಿಸಿ ಎಸೆಯಲು ಬಿಡಬೇಡಿ.