ಒಂದೂ ಮೊಳೆ ಹೊಡೆಯದೆ ಮರದ ಹಾಯಿಹಡಗು ಕಟ್ಟಲು ಸಾಧ್ಯವೇ? ನೀರು ಒಳಗೆ ಬರುವುದಿಲ್ಲವೇ?

ಖಂಡಿತ ಸಾಧ್ಯ. ನೀರೂ ಸ್ವಲ್ಪ ಬರುತ್ತದೆ, ಆದರೆ ಅದರಿಂದ ಹಡಗು ಮುಳುಗುವುದಿಲ್ಲ.

2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಅಂಥದ್ದೇ ಹಡಗು. ಅಜಂತಾ ಗುಹೆಯ ಐದನೇ ಶತಮಾನದ ಚಿತ್ರವೊಂದನ್ನು ನೋಡಿಕೊಂಡು ಗೋವಾದಲ್ಲಿ ಅದನ್ನು ಕಟ್ಟಿದರು. ಹೊಲಿದವರು ಕೇರಳದ ಬಾಬು ಶಂಕರನ್ ಅವರ ತಂಡ. ಹೌದು, ಹೊಲಿದವರು! ಎಂಜಿನ್ ಇಲ್ಲದ ಆ ಹಡಗು ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿರುವುದು ನನಗೆ ಇನ್ನಿಲ್ಲದ ಹೆಮ್ಮೆ.

ಹೊಲಿಯುವ ಕ್ರಮ ಹೀಗೆ. ಮೊದಲು ತಳದ ಅಡಿಮರ. ಅದರ ಎರಡೂ ಬದಿಗೆ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸುತ್ತ ಮೇಲಕ್ಕೆ ಏರಿಸುತ್ತಾರೆ. ಹಲಗೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಬಗ್ಗಿಸಿ ಕೂರಿಸಬೇಕು. ಕೂಡಿದ ಎರಡು ಹಲಗೆಗಳ ಅಂಚಿನುದ್ದಕ್ಕೂ ಎದುರುಬದುರಾಗಿ ತೂತು ಕೊರೆಯುತ್ತಾರೆ. ಸಂದಿನ ಮೇಲೆ ತೆಂಗಿನ ನಾರನ್ನು ಉದ್ದಕ್ಕೆ ಹೊಸೆದು ಇಟ್ಟು, ಅದನ್ನು ಅಮುಕಿ ಹಿಡಿಯುವಂತೆ ನಾರಿನ ಹುರಿಯನ್ನು ಅಡ್ಡಡ್ಡ ಹೊಲಿಯುತ್ತಾರೆ. ಒಬ್ಬ ಒಳಗೆ, ಒಬ್ಬ ಹೊರಗೆ. ಒಳಗಿನವನು ತೂರಿಸಿದ ಹುರಿಯನ್ನು ಹೊರಗಿನವನು ಎಳೆದು ಹಿಂದಕ್ಕೆ ಕೊಡಬೇಕು, ಪ್ರತಿ ಸುತ್ತನ್ನೂ ಕೋಲು ಹಾಕಿ ಮೀಟಿ ಬಿಗಿಯಬೇಕು. ಕೊನೆಗೆ ತೂತುಗಳಿಗೆ ನಾರು ತುರುಕಿ, ರಾಳ ಮೆತ್ತಿ, ಮೀನೆಣ್ಣೆ ಬಳಿಯುತ್ತಾರೆ. ಹಡಗಿನ ಪಕ್ಕೆಲುಬುಗಳನ್ನು ಕಟ್ಟುವುದು ಆಮೇಲೆ.

ಇಡೀ ವಿದ್ಯೆ ಇರುವುದು ಆ ಬಿಗಿತದಲ್ಲಿ ಎಂದು ನಾನು ನಂಬುತ್ತೇನೆ. ಮರ, ಹಗ್ಗ, ರಾಳ ದುಡ್ಡಿಗೆ ಸಿಗುತ್ತವೆ. ಎಷ್ಟು ಎಳೆದರೆ ಸಂದು ಮುಚ್ಚುತ್ತದೆ, ಎಷ್ಟು ಎಳೆದರೆ ಹಲಗೆಯ ಅಂಚು ಸೀಳುತ್ತದೆ ಎಂಬುದು ಹೊಲಿದ ಕೈಗೆ ಮಾತ್ರ ಗೊತ್ತು.

ಈಗ ನೀರಿನ ಮಾತು. ಹೊಸ ಹಡಗನ್ನು ನೀರಿಗೆ ಇಳಿಸಿದಾಗ ಸಂದುಗಳಲ್ಲಿ ಒಸರುತ್ತದೆ. ಮರವೂ ನಾರೂ ನೀರು ಕುಡಿದು ಉಬ್ಬಿದಂತೆ ಸಂದುಗಳು ತಾವೇ ಬಿಗಿಯಾಗುತ್ತವೆ. ಆಮೇಲೂ ಒಳಗೆ ನಿಂತ ನೀರನ್ನು ಮೊಗೆದು ಚೆಲ್ಲುವುದು ಇಂಥ ಹಡಗಿನಲ್ಲಿ ದಿನನಿತ್ಯದ ಕೆಲಸ.

ಹಾಗಿದ್ದರೆ ಮೊಳೆಯನ್ನೇ ಯಾಕೆ ಹೊಡೆಯಲಿಲ್ಲ? ಸಮುದ್ರದಲ್ಲಿರುವ ಕಾಂತದ ಬಂಡೆಗಳು ಕಬ್ಬಿಣವನ್ನು ಸೆಳೆದುಬಿಡುತ್ತವೆ ಎಂಬ ಹಳೆಯ ಕತೆಯನ್ನು ನೀವೂ ಕೇಳಿರಬಹುದು. ಅದು ಕತೆ ಅಷ್ಟೆ. ಉಪ್ಪುನೀರಿನಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ಸುತ್ತಲಿನ ಮರವನ್ನೂ ತಿನ್ನುತ್ತದೆ. ತೆಂಗಿನ ನಾರು ಉಪ್ಪುನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ನಮ್ಮ ಕಡಲದಂಡೆಯೇ. ಬಂದರು ಇಲ್ಲದ ಕಡೆ ದೋಣಿಯನ್ನು ಅಲೆಗಳ ನಡುವಿನಿಂದ ಮರಳಿಗೆ ಏರಿಸಬೇಕು. ಕೆಳಗೆ ಬಿದ್ದ ಮಡಕೆ ಒಡೆಯುತ್ತದೆ, ಬಿದಿರಿನ ಬುಟ್ಟಿ ಬಳುಕಿ ಉಳಿಯುತ್ತದೆ. ಹೊಲಿದ ದೋಣಿ ಉಳಿಯುವುದೂ ಹಾಗೆಯೇ.

ರಂಪಣಿ ಎಂದರೆ ದಡದಲ್ಲಿ ನಿಂತು ಹಲವರು ಸೇರಿ ಎಳೆಯುವ ದೊಡ್ಡ ಮೀನುಬಲೆ. ಅದನ್ನು ಕಡಲಿನಲ್ಲಿ ಹರಡುವ ನಮ್ಮ ಕರಾವಳಿಯ ರಂಪಣಿ ದೋಣಿಗಳೂ ಹೊಲಿದವೇ. 1970ರ ದಶಕದಲ್ಲಿ ಯಾಂತ್ರಿಕ ದೋಣಿಗಳು ಬೃಹತ್ ಬಲೆಗಳೊಂದಿಗೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು, ದೋಣಿ ಹೊಲಿಯುವವರಿಗೆ ಕೆಲಸ ತಪ್ಪಿತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೀವೇ ಒಂದನ್ನು ಕಟ್ಟುವ ಯೋಚನೆಯಲ್ಲಿದ್ದರೆ ಮರ ಕೊಳ್ಳುವ ಮುಂಚೆ ಉತ್ತರ ಕನ್ನಡದ ಕಡಲತೀರದ ಊರುಗಳಿಗೋ ಗೋವಾಕ್ಕೋ ಹೋಗಿ, ದೋಣಿ ಹೊಲಿದ ಹಿರಿಯರನ್ನು ಹುಡುಕಿ. ಹಡಗಿನ ಮಾತು ಆಮೇಲೆ. ಅವರ ಜೊತೆ ಕೂತು ಒಂದು ಸಣ್ಣ ಮೀನುಗಾರಿಕೆ ದೋಣಿಯ ಹಳೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಿರಿ. ನಾರಿನ ಹುರಿ ಸವೆಯುವುದರಿಂದ ಇಂಥ ದೋಣಿಗಳನ್ನು ಆಗಾಗ ಬಿಚ್ಚಿ ಹೊಲಿಯಲೇಬೇಕು, ಹಾಗಾಗಿ ಕಲಿಯಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ.