ಐದೂ ಇಂದ್ರಿಯಗಳಿದ್ದರೂ ವರ್ಣನೆ ಸಪ್ಪೆಯೇಕೆ?

ಪ್ರಶ್ನೆ: ವರ್ಣನೆಯಲ್ಲಿ ಪಂಚೇಂದ್ರಿಯಗಳ ಅನುಭವವಿರಬೇಕೆಂದು ಓದಿ, ಹಳೆಯ ಗ್ರಂಥಾಲಯವೊಂದನ್ನು ಕುರಿತು ಒಂದು ಪ್ಯಾರಾ ಬರೆದೆ. ಕಾಗದದ ವಾಸನೆ, ಫ್ಯಾನಿನ ಸದ್ದು, ಮಂದ ಬೆಳಕು, ಮೇಜಿನ ತಂಪು ಎಲ್ಲವೂ ಇವೆ. ಆದರೂ ಓದಿದವರು ‘ಪಟ್ಟಿ ಓದಿದಂತಾಯಿತು’ ಎನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಇವನ್ನೆಲ್ಲ ಅನುಭವಿಸುತ್ತಿರುವವರು ಯಾರು ಎಂಬುದು ನಿಮ್ಮ ಪ್ಯಾರಾದಲ್ಲಿ ತಿಳಿಯುವುದಿಲ್ಲ. ಆ ಗ್ರಂಥಾಲಯದೊಳಕ್ಕೆ ಮೊದಲ ಬಾರಿ ಕಾಲಿಟ್ಟವರ ಮೂಗಿಗೆ ಹಳೆಯ ಕಾಗದದ ವಾಸನೆ ಥಟ್ಟನೆ ಬಡಿಯುತ್ತದೆ; ಅಲ್ಲಿಯೇ ದಿನವಿಡೀ ಕುಳಿತಿರುವ ಗ್ರಂಥಪಾಲಕರಿಗೆ ಅದರ ಅರಿವೇ ಇರುವುದಿಲ್ಲ, ಏಕೆಂದರೆ ಒಂದೇ ವಾಸನೆಯ ನಡುವೆ ಕೆಲವು ನಿಮಿಷ ಕಳೆದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಆದರೆ ಸದಾ ತಿರುಗುವ ಫ್ಯಾನು ಇದ್ದಕ್ಕಿದ್ದಂತೆ ನಿಂತರೆ ಆ ನಿಶ್ಶಬ್ದಕ್ಕೆ ಮೊದಲು ತಲೆಯೆತ್ತುವವರು ಬಹುಶಃ ಅವರೇ. ಪರೀಕ್ಷೆಯ ಹಿಂದಿನ ದಿನ ಒಂದು ಪುಸ್ತಕಕ್ಕಾಗಿ ತಡಕಾಡುತ್ತಿರುವ ವಿದ್ಯಾರ್ಥಿನಿಗಾದರೋ ಮಂದ ಬೆಳಕಿನ ಸೊಗಸು ಬೇಕಿಲ್ಲ; ಮಾಸಿದ ಶೀರ್ಷಿಕೆಗಳನ್ನು ಓದಲು ಬಿಡದ ಆ ಬೆಳಕಿನ ಮೇಲೆ ಅವಳಿಗೆ ಸಿಟ್ಟೇ ಬರುತ್ತದೆ. ಆದ್ದರಿಂದ ಬರೆಯುವ ಮುನ್ನ, ಅಲ್ಲಿರುವವರು ಯಾರು, ಏಕೆ ಬಂದಿದ್ದಾರೆ ಎಂಬುದನ್ನು ನಿಶ್ಚಯಿಸಿಕೊಳ್ಳಿ. ಆಗ ಯಾವ ವಿವರ ಉಳಿಯಬೇಕು, ಯಾವುದು ಹೋಗಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಐದೂ ಇಂದ್ರಿಯಗಳು ಬರಲೇಬೇಕೆಂಬ ನಿಯಮವಿಲ್ಲ. ಗ್ರಂಥಾಲಯದ ವರ್ಣನೆಗೆ ರುಚಿಯನ್ನು ಬಲವಂತವಾಗಿ ಎಳೆದು ತರಬೇಡಿ.

ವಿವರಗಳ ಕ್ರಮವೂ ಮುಖ್ಯ. ಬಿಸಿಲಿನಿಂದ ಒಳಬಂದವರ ಕಣ್ಣು ಮಬ್ಬಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಅವರಿಗೆ ವಾಸನೆಯೂ ಸದ್ದೂ ತಲುಪಿರುತ್ತವೆ, ಕಪಾಟುಗಳ ಸಾಲು ಆಮೇಲೆ ಕಾಣಿಸಿಕೊಳ್ಳುತ್ತದೆ. ನಿಮ್ಮ ‘ಮೇಜಿನ ತಂಪ’ನ್ನೂ ಒಮ್ಮೆ ಪರಿಶೀಲಿಸಿ. ಒಂದೇ ಕೋಣೆಯಲ್ಲಿ ಎರಡರ ಉಷ್ಣತೆಯೂ ಒಂದೇ ಆಗಿದ್ದರೂ, ಲೋಹವು ಅಂಗೈಯ ಶಾಖವನ್ನು ಮರಕ್ಕಿಂತ ಬೇಗ ಎಳೆದುಕೊಳ್ಳುವುದರಿಂದ ಕೈಗೆ ಹೆಚ್ಚು ತಣ್ಣಗೆ ತಾಗುತ್ತದೆ. ಮೇಜು ಮರದ್ದಾಗಿದ್ದರೆ ಆ ತಂಪನ್ನು ಕಪಾಟಿನ ಕಬ್ಬಿಣದ ಹಿಡಿಕೆಗೆ ವರ್ಗಾಯಿಸಿ.

ಪ್ರಶ್ನೆ: ‘ಸುಂದರ’, ‘ಮನೋಹರ’ ಮುಂತಾದ ವಿಶೇಷಣಗಳನ್ನು ಬಳಸಲೇಬಾರದೇ?

ಉತ್ತರ: ಬಳಸಬಹುದು. ಆದರೆ ಅವು ಬರೆದವರ ತೀರ್ಪನ್ನಷ್ಟೇ ತಿಳಿಸುತ್ತವೆ. ಆ ತೀರ್ಪಿಗೆ ಕಾರಣವಾದ ಸಂಗತಿ ಓದುಗರಿಗೆ ದಕ್ಕುವುದಿಲ್ಲ. ಮೊದಲು ತಕ್ಕ ಕ್ರಿಯಾಪದವನ್ನು ಹುಡುಕಿ. ‘ಹಾಳೆಗಳು ಬಹಳ ಹಳೆಯವಾಗಿದ್ದವು’ ಎನ್ನುವ ಬದಲು ‘ತಿರುವಿದ ಹಾಳೆಯ ಅಂಚು ಬೆರಳಲ್ಲೇ ಮುರಿದು ಉದುರಿತು’ ಎಂದರೆ ಹಳತನವೂ ಸ್ಪರ್ಶವೂ ಒಟ್ಟಿಗೆ ಮೂಡುತ್ತವೆ. ಕನ್ನಡದ ಅನುಕರಣಾವ್ಯಯಗಳನ್ನೂ ಮರೆಯಬೇಡಿ. ‘ಪರಪರ’, ‘ಗುಂಯ್’, ‘ಚಟಚಟ’ ಎಂಬ ಒಂದು ಮಾತು ಇಡೀ ವಾಕ್ಯದ ಕೆಲಸವನ್ನು ಮಾಡಬಲ್ಲದು. ಒಂದು ಪ್ಯಾರಾದಲ್ಲಿ ಅವು ಒಂದೆರಡಕ್ಕಿಂತ ಹೆಚ್ಚಾದರೆ ಸದ್ದಿನಲ್ಲಿ ದೃಶ್ಯ ಮುಳುಗಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮಕ್ಕಳ ಕಥೆಗಳಿಗೆ ಈ ಮಿತಿಯ ಅಗತ್ಯವಿಲ್ಲ.